ಪೊಲೀಸರು ಡಿಎನ್‌ಎ ಮಾದರಿ ಕೇಳಿದರೆ ಏನು ಮಾಡಬೇಕು?

ಬಂಧನವಾದ ಮಾತ್ರಕ್ಕೆ ಯಾರೂ ಅಪರಾಧಿ ಆಗುವುದಿಲ್ಲ, ಅಲ್ವಾ? ಆದರೂ ಬಂಧಿತರ ಬೆರಳಚ್ಚು, ಕಣ್ಣಿನ ಸ್ಕ್ಯಾನ್, ರಕ್ತ, ಜೊಲ್ಲು, ಕೂದಲು ಸಂಗ್ರಹಿಸಲು 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಅವಕಾಶ ಕೊಟ್ಟಿದೆ. 1920ರ ಹಳೇ ಕಾಯ್ದೆ ತೆಗೆದು ಇದನ್ನು ತಂದರು. ಆ ವರ್ಷದ ಆಗಸ್ಟ್ 4ರಿಂದ ಜಾರಿಯಲ್ಲಿದೆ. ನಿಮಗೋ ಮನೆಯವರಿಗೋ ಇಂಥ ಸಂದರ್ಭ ಬಂದರೆ ಹೀಗೆ ಮಾಡಿ.

1. ಮೊದಲು ಸೆಕ್ಷನ್ ಕೇಳಿ
ಯಾವ ಸೆಕ್ಷನ್ ಹಾಕಿದ್ದಾರೆ, ಅದಕ್ಕೆ ಎಷ್ಟು ವರ್ಷ ಶಿಕ್ಷೆ ಎಂದು ತಿಳಿದುಕೊಳ್ಳಿ. ಬಂಧನದ ಕಾರಣ ತಿಳಿಸುವುದು ಪೊಲೀಸರ ಕರ್ತವ್ಯ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

2. ವಿನಾಯಿತಿ ಇದೆಯಾ ನೋಡಿ
ಆರೋಪ ಮಹಿಳೆ ಅಥವಾ ಮಗುವಿನ ಮೇಲಿನ ಅಪರಾಧದ್ದಲ್ಲ, 7 ವರ್ಷಕ್ಕೆ ಕಡಿಮೆಯಿಲ್ಲದ ಜೈಲು ಶಿಕ್ಷೆಯದ್ದೂ ಅಲ್ಲ ಎಂದಾದರೆ, ಈ ಕಾಯ್ದೆಯಡಿ ರಕ್ತ, ಜೊಲ್ಲಿನಂಥ ಜೈವಿಕ ಮಾದರಿ ಕೊಡಲೇಬೇಕು ಎಂದಿಲ್ಲ. ಇಬ್ಬರು ಗಂಡಸರು ಹೊಡೆದಾಡಿ ಸಣ್ಣಪುಟ್ಟ ಗಾಯವಾದ ಕೇಸು ಅಂದುಕೊಳ್ಳಿ. ಅಲ್ಲಿ ಬೇಡ ಎನ್ನಬಹುದು. ಆದರೆ ಈ ವಿನಾಯಿತಿ ಗೊತ್ತಿದ್ದವರಿಗಷ್ಟೇ ದಕ್ಕುತ್ತದೆ. ಗೊತ್ತಿಲ್ಲದವರು ಸುಮ್ನೆ ಕೊಟ್ಟು ಬರುತ್ತಾರೆ. ಬೆರಳಚ್ಚು, ಫೋಟೋಗೆ ಈ ವಿನಾಯಿತಿ ಇಲ್ಲ.

3. ಬೇಡ ಎನ್ನುವ ಮುನ್ನ ವಕೀಲರನ್ನು ಕೇಳಿ
ಇಲ್ಲೇ ಜಾಸ್ತಿ ಜನ ಎಡವುವುದು. ವಿನಾಯಿತಿ ಇಲ್ಲದ ಕಡೆ ನಿರಾಕರಿಸಿದರೆ ಅದು ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ ಮಾಡಿದ ಅಪರಾಧ. ತನಿಖೆಗೆ ಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಪರೀಕ್ಷೆಯಿಂದ ಸಾಕ್ಷ್ಯ ಸಿಗುತ್ತದೆ ಎನ್ನಲು ಕಾರಣವಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 51ನೇ ಸೆಕ್ಷನ್ ಪ್ರಕಾರ ವೈದ್ಯರಿಂದಲೂ ಮಾದರಿ ತೆಗೆಸಬಹುದು.

‘ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಲ್ಲ’ ಎಂಬ ವಾದ ಇಲ್ಲಿ ನಡೆಯುವುದು ಕಷ್ಟ. ಬೆರಳಚ್ಚು ಕೊಡುವುದು ಸಾಕ್ಷಿ ಹೇಳಿದಂತಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆಯನ್ನು ತಡೆಯಿತು. ಡಿಎನ್‌ಎಗೆ ಆ ರಕ್ಷಣೆ ಸಿಗಲಿಲ್ಲ.

4. ಕೇಸು ಮುಗಿದ ಮೇಲೆ ಅಳಿಸಲು ಅರ್ಜಿ ಹಾಕಿ
ದಾಖಲೆ ಹೋಗುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಗೆ. ಅಲ್ಲಿ 75 ವರ್ಷ ಇಡಬಹುದು! ಹಿಂದೆ ಜೈಲು ಶಿಕ್ಷೆಯ ಅಪರಾಧ ಸಾಬೀತಾಗಿಲ್ಲದವರು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ಖುಲಾಸೆಯಾದರೆ, ಕಾನೂನಿನ ಎಲ್ಲ ಹಂತ ಮುಗಿದ ಮೇಲೆ ದಾಖಲೆ ನಾಶ ಮಾಡಬೇಕು. ನಾಶ ಮಾಡುವುದು ಬೇಡ ಎಂದು ಕೋರ್ಟ್ ಕಾರಣ ಬರೆದು ಹೇಳಿದರೆ ಮಾತ್ರ ಉಳಿಯುತ್ತದೆ.

ಆದರೆ ಅದು ತಾನಾಗಿಯೇ ಆಗುತ್ತದೆ ಎಂದು ಕೂರುವಂತಿಲ್ಲ; ಈ ಕಾಯ್ದೆಯಡಿಯ ನಿಯಮದಲ್ಲಿ ಕೋರಿಕೆ ಸಲ್ಲಿಸುವ ದಾರಿ ಇಟ್ಟಿದ್ದಾರೆ. ಸರ್ಕಾರ ನೇಮಿಸಿದ ನೋಡಲ್ ಅಧಿಕಾರಿಗೆ ಕೇಳಬೇಕು. ಬೇರೆ ಕೇಸಿಗೆ ನಂಟಿಲ್ಲ ಎಂದು ಖಚಿತಪಡಿಸಿಕೊಂಡು ಅವರು ಬ್ಯೂರೋಗೆ ಶಿಫಾರಸು ಮಾಡುತ್ತಾರೆ. ನಿರಪರಾಧಿಯೇ ಕಚೇರಿ ಅಲೆಯಬೇಕು ಎನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ಖುಲಾಸೆ ಆದೇಶದ ದೃಢೀಕೃತ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಕೊಟ್ಟಿದ್ದಕ್ಕೆ ಸ್ವೀಕೃತಿ ಪತ್ರ ಪಡೆಯದೆ ಕಚೇರಿಯಿಂದ ಹೊರಡಬೇಡಿ.