ಹಳೆ ಝೆನ್ ರೇಸಿಗೆ ಇಳಿಸ್ತೀರಾ? ಸ್ಪ್ರಿಂಗ್ ಕತ್ತರಿಸಬೇಡಿ!

ಬೆಳಗಾವಿ ಕಡೆ ಹಳೆ ಮಾರುತಿ ಝೆನ್ ಕೊಂಡು ಆಟೋಕ್ರಾಸ್‌ಗೆ (ಸಣ್ಣ ಟ್ರ್ಯಾಕಿನಲ್ಲಿ ಹೊತ್ತು ಅಳೆದು ಓಡಿಸುವ ರೇಸು) ಸಜ್ಜು ಮಾಡುವ ಹುಡುಗರು ಮೊದಲು ಕೈಗೆತ್ತಿಕೊಳ್ಳುವುದು ಗ್ರೈಂಡರ್. ಸ್ಪ್ರಿಂಗ್ ಒಂದೆರಡು ಸುತ್ತು ಕತ್ತರಿಸಿದರೆ ಗಾಡಿ ತಗ್ಗಾಗುತ್ತದೆ, ಗಟ್ಟಿಯೂ ಆಗುತ್ತದೆ. ಆದರೆ ಗುಂಡಿಯಲ್ಲಿ ಚಕ್ರ ಇಳಿದಾಗ ಗಿಡ್ಡ ಸ್ಪ್ರಿಂಗ್ ತನ್ನ ತಟ್ಟೆ ಬಿಟ್ಟು ಸಡಿಲವಾಗುತ್ತದೆ. ಚಕ್ರ ಮೇಲೆದ್ದಾಗ ಶಾಕ್ ಅಬ್ಸಾರ್ಬರ್ ನೇರವಾಗಿ ಬಂಪ್ ಸ್ಟಾಪಿಗೆ, ಅಂದರೆ ಕೊನೆಯ ತಡೆಯ ರಬ್ಬರಿಗೆ, ಬಡಿಯುತ್ತದೆ. ದಯವಿಟ್ಟು ಇದೊಂದು ಬೇಡ.

ಶುರು ಮಾಡಬೇಕಾದದ್ದು ಬುಷ್‌ನಿಂದ, ಅಂದರೆ ಕೀಲುಗಳಲ್ಲಿ ಕೂರುವ ರಬ್ಬರ್ ತುಂಡಿನಿಂದ. ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಸಡಿಲ ಕಂಡರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ನೋಡಬೇಕು. ಪಕ್ಕದಿಂದ ಪಕ್ಕಕ್ಕೆ ಆಡಿದರೆ ಟೈ ರಾಡ್ ಎಂಡ್ (ಸ್ಟೀರಿಂಗ್ ಸಲಾಕೆಯ ತುದಿಯ ಕೀಲು) ನೋಡಿ. ಲೋವರ್ ಆರ್ಮ್ (ಚಕ್ರವನ್ನು ಕೆಳಗಿಂದ ಹಿಡಿದಿರುವ ತೋಳು) ಬುಷ್‌ನ ರಬ್ಬರ್ ಬಿರಿದಿದ್ದರೆ ಹೊಸದು ಹಾಕಿಸಿ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇತ್ ಅಂಗಡಿಗಳಿಗೆ ಬರವಿಲ್ಲ. ಬುಷ್‌ನ ಲೋಹದ ಕೊಳವೆ (ಸ್ಲೀವ್) ಬೇಕಿದ್ದರೆ ಅಲ್ಲೇ ಮಾಡಿಸಬಹುದು. ಆರ್ಮ್ ಬಿರುಕು ಬಿಟ್ಟಿದ್ದರೆ ಮಾತ್ರ ವೆಲ್ಡಿಂಗ್ ಬೇಡ, ಬದಲಿಸಿ.

ಬಹಳ ಜನ ಎಡವುವುದು ಇಲ್ಲಿ: ರಬ್ಬರ್ ಬುಷ್‌ನ ಬೋಲ್ಟನ್ನು ಚಕ್ರ ಜೋತು ಬಿದ್ದಿರುವಾಗಲೇ ಪೂರ್ತಿ ಬಿಗಿಯಬಾರದು. ಗಾಡಿ ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಂದ ಮೇಲೆ ಬಿಗಿಯಿರಿ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಆಮೇಲೆ ಶಾಕ್ ಮತ್ತು ಸ್ಪ್ರಿಂಗ್, ಎರಡೂ ಜೊತೆಗೇ. ಹಳೆ ಶಾಕ್‌ಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಅದರ ಪುಟಿತ ತಡೆಯುವವರೇ ಇರುವುದಿಲ್ಲ. ಟೈರು ನೆಲ ಬಿಟ್ಟು ಕುಣಿಯುತ್ತದೆ. ಮುಂದಿನ ಸ್ಟ್ರಟ್ (ಶಾಕ್, ಸ್ಪ್ರಿಂಗ್ ಕೂಡಿದ ಜೋಡಣೆ) ಬಿಚ್ಚುವಾಗ ಸ್ಪ್ರಿಂಗ್ ಒತ್ತಿಹಿಡಿಯುವ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಮುಟ್ಟಲೇಬೇಡಿ. ಒತ್ತಿಟ್ಟ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ.

ಎಷ್ಟು ಗಟ್ಟಿ ಇರಬೇಕು? ಮಣ್ಣಿನ ಟ್ರ್ಯಾಕ್ ಆದರೆ ಮೆತ್ತಗಿರಲಿ, ಚಕ್ರಕ್ಕೆ ಏರಿಳಿಯಲು ಜಾಗ ಜಾಸ್ತಿ ಇರಲಿ. ಡಾಂಬರಿಗೆ ಗಟ್ಟಿ ಸರಿ. ಝೆನ್ ಎಳೆಯುವುದು ಮುಂದಿನ ಚಕ್ರದಿಂದ. ಹಾಗಾಗಿ ತಿರುವಿನಲ್ಲಿ ಮೂತಿ ಹೊರಗೆ ಜಾರುತ್ತದೆ. ಹಿಂಭಾಗ ಸ್ವಲ್ಪ ಗಟ್ಟಿ ಮಾಡಿದರೆ ಇದು ತಗ್ಗುತ್ತದೆ. ಅತಿ ಮಾಡಿದರೆ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಗಾಡಿಯ ಹಿಂಭಾಗ ಹೊರಗೆ ಜಾರಿ ಗಾಡಿ ತಿರುಗಿಬಿಡುತ್ತದೆ.

ಖರ್ಚು ಮಾಡುವ ಮೊದಲು ದೇಶದ ಮೋಟಾರ್ ರೇಸ್ ಒಕ್ಕೂಟ ಎಫ್‌ಎಂಎಸ್‌ಸಿಐ ನಿಯಮ ಓದಿ. ನಿಮ್ಮ ವರ್ಗದಲ್ಲಿ ಏನು ಬದಲಿಸಬಹುದು ಅಂತ ಅಲ್ಲಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸಲು ಕಡಿವಾಣ ಹಾಕುತ್ತದೆ. ರೇಸ್ ಗಾಡಿಯನ್ನು ಪೇಟೆ ರಸ್ತೆಗೆ ತರಬೇಡಿ, ಟ್ರ್ಯಾಕ್‌ಗೆ ಹೇರಿಕೊಂಡು ಒಯ್ಯಿರಿ.

ಕೊನೆಗೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಪಡಿಸುವುದು. ಡ್ರೈವರನ್ನು ಸೀಟಿನಲ್ಲಿ ಕೂರಿಸಿಯೇ ಮಾಡಿಸಿ. ಡಾಂಬರ್ ಟ್ರ್ಯಾಕಿಗೆ ಮುಂದಿನ ಚಕ್ರಕ್ಕೆ ಒಂದೂವರೆಯಿಂದ 2 ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಒಳ್ಳೆ ಆರಂಭ. ಓಡಿಸಿ ಬಂದ ಕೂಡಲೇ ಟೈರಿನ ಒಳಅಂಚು, ನಡು, ಹೊರಅಂಚಿನ ಬಿಸಿ ಅಳೆದು ನೋಡಿ. ಹೊರಅಂಚೇ ಜಾಸ್ತಿ ಕಾದಿದ್ದರೆ ನೆಗೆಟಿವ್ ಕ್ಯಾಂಬರ್ ಇನ್ನೂ ಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ. ಮೊದಲ ಓಟ ಮುಗಿದ ಮೇಲೆ ಎಲ್ಲ ಬೋಲ್ಟಿಗೂ ಇನ್ನೊಮ್ಮೆ ಪಾನಾ ಹಾಕಿ ನೋಡಿ.