ಎಸ್‌ವಿಎನ್, ಮರ್ಕ್ಯುರಿಯಲ್, ಗಿಟ್: ಮೂರನ್ನೂ ಒಂದೇ ರೆಪೊಗೆ ತಂದಿದ್ದು

ನಮ್ಮ ಕೋಡ್ ಮೂರು ಕಡೆ ಹಂಚಿಹೋಗಿತ್ತು, ಕೋಡ್‌ನ ಪ್ರತಿ ಬದಲಾವಣೆಯ ಇತಿಹಾಸ ಇಟ್ಟುಕೊಳ್ಳುವ ಮೂರು ಬೇರೆ ಬೇರೆ ಟೂಲ್‌ಗಳಲ್ಲಿ. ಸರ್ವರ್ ಭಾಗ ಎಸ್‌ವಿಎನ್‌ನಲ್ಲಿ, ಸ್ಕ್ರೀನ್‌ಗಳದ್ದು ಮರ್ಕ್ಯುರಿಯಲ್‌ನಲ್ಲಿ, ಟೆಸ್ಟ್‌ಗಳು ಗಿಟ್‌ನಲ್ಲಿ. ಒಂದು ಸ್ಕ್ರಿಪ್ಟ್ ಮೂರನ್ನೂ ಒಂದೇ ಫೋಲ್ಡರ್‌ಗೆ ಎಳೆದು ತರುತ್ತಿತ್ತು. ಕೆಲಸವೇನೋ ನಡೆಯುತ್ತಿತ್ತು. ಆದರೆ ಹಳೆಯ ರಿಲೀಸ್‌ನಲ್ಲಿ ಬಗ್ ಸಿಕ್ಕಾಗ, ಸರ್ವರ್‌ನ ಯಾವ ರಿವಿಷನ್ ಜೊತೆ ಸ್ಕ್ರೀನ್‌ನ ಯಾವ ಕಮಿಟ್ (ಎರಡೂ ಅಂದ್ರೆ ದಾಖಲಾದ ಒಂದು ಬದಲಾವಣೆ) ಹೋಗಿತ್ತು ಅನ್ನೋದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಲ್ಲವನ್ನೂ ಗಿಟ್‌ನ ಒಂದೇ ರೆಪೊಗೆ, ಅಂದ್ರೆ ಕೋಡ್ ಮತ್ತು ಅದರ ಇತಿಹಾಸ ಇರುವ ಸಂಗ್ರಹಕ್ಕೆ, ತರೋಣ ಅಂದುಕೊಂಡೆವು.

"ಈಗಿರೋ ಫೈಲ್‌ಗಳನ್ನ ಸುಮ್ನೆ ಕಾಪಿ ಮಾಡಿ ಒಂದು ಕಮಿಟ್ ಹಾಕಿದ್ರೆ ಆಯ್ತಲ್ವಾ?" ಅಂತ ತಂಡದಲ್ಲಿ ಒಬ್ಬರು ಕೇಳಿದರು. ನಾನು ಒಪ್ಪಲಿಲ್ಲ. ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ಒಂದು ಸಾಲು ಯಾಕೆ ಹಾಗಿದೆ ಅಂತ ಹೇಳೋಕೆ ಉಳಿದಿರೋದು ಹಳೆಯ ಕಮಿಟ್ ಮೆಸೇಜ್ ಒಂದೇ.

ಜಾಸ್ತಿ ಸಮಯ ತಿಂದದ್ದು ಎಸ್‌ವಿಎನ್. ಅಲ್ಲಿ ಕಮಿಟ್ ಮಾಡಿದವರ ಯೂಸರ್‌ನೇಮ್ ಮಾತ್ರ ಇರುತ್ತದೆ, ಗಿಟ್‌ಗೆ ಹೆಸರು, ಇಮೇಲ್ ಎರಡೂ ಬೇಕು. ಯಾವ ಯೂಸರ್‌ನೇಮ್ ಯಾರದ್ದು ಅಂತ ಹೇಳುವ ಒಂದು ಆಥರ್ಸ್ ಫೈಲ್ ಬರೆದು, ಎಸ್‌ವಿಎನ್ ಇತಿಹಾಸವನ್ನು ಗಿಟ್‌ಗೆ ತರುವ ಗಿಟ್-ಎಸ್‌ವಿಎನ್ ಟೂಲ್‌ಗೆ ಕೊಟ್ಟೆ. ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದ್ದರೂ ಅದು ಅಲ್ಲಿಗೇ ನಿಂತುಬಿಡುತ್ತದೆ. ಮೊದಲೇ ಎಸ್‌ವಿಎನ್ ಲಾಗ್‌ನಿಂದ ಎಲ್ಲ ಹೆಸರುಗಳನ್ನು ತೆಗೆದಿಟ್ಟುಕೊಳ್ಳಿ. ಪ್ರತಿ ಮೆಸೇಜ್‌ನ ಕೊನೆಗೆ ಗಿಟ್-ಎಸ್‌ವಿಎನ್ ಹಳೆಯ ರಿವಿಷನ್ ನಂಬರ್ ಇರುವ ಒಂದು ಸಾಲು ಸೇರಿಸುತ್ತದೆ. ನೋಡೋಕೆ ಚೆನ್ನಾಗಿಲ್ಲ ಅಂತ ಹಲವರು ಅದನ್ನು ತೆಗೆಸುತ್ತಾರೆ. ನಾನು ಹಾಗೇ ಬಿಟ್ಟೆ, ಯಾಕಂದ್ರೆ ನಮ್ಮ ಬಗ್ ಟಿಕೆಟ್‌ಗಳಲ್ಲೆಲ್ಲ ಆ ನಂಬರ್‌ಗಳೇ ಇದ್ದವು. ಎಸ್‌ವಿಎನ್ ಟ್ಯಾಗ್‌ಗಳು (ರಿಲೀಸ್‌ನಂಥ ಹಂತಕ್ಕೆ ಹೆಸರಿಟ್ಟ ಗುರುತುಗಳು) ರಿಮೋಟ್ ಬ್ರಾಂಚ್‌ಗಳಾಗಿ, ಅಂದ್ರೆ ಬೇರೆ ರೆಪೊದ ಕವಲುಗಳಂತೆ, ಬರುತ್ತವೆ. ಅವನ್ನು ನಿಜವಾದ ಟ್ಯಾಗ್ ಮಾಡದೆ ಆ ರೆಪೊವನ್ನು ಕ್ಲೋನ್ (ನಕಲು) ಮಾಡಿದೆ, ಒಂದು ಟ್ಯಾಗೂ ಬರಲಿಲ್ಲ. ಮತ್ತೆ ಹಿಂದೆ ಹೋಗಬೇಕಾಯಿತು.

ಮರ್ಕ್ಯುರಿಯಲ್‌ಗೆ ಎಚ್‌ಜಿ-ಫಾಸ್ಟ್-ಎಕ್ಸ್‌ಪೋರ್ಟ್ ಅನ್ನೋ ಟೂಲ್ ಸಾಕಾಯಿತು. ಒಂದೇ ಬ್ರಾಂಚ್‌ನಲ್ಲಿ ಎರಡು ಹೆಡ್ (ತುದಿಯ ಕಮಿಟ್) ಇದ್ದದ್ದಕ್ಕೆ ತಕರಾರು ಮಾಡಿತು, ಅವೆರಡನ್ನು ಮರ್ಕ್ಯುರಿಯಲ್‌ನಲ್ಲೇ ಮರ್ಜ್ ಮಾಡಿದ (ಒಂದಾಗಿ ಸೇರಿಸಿದ) ಮೇಲೆ ಮುಂದೆ ಹೋಯಿತು.

ಈಗ ಮೂರೂ ಗಿಟ್. ಆದರೆ ಮೂರರಲ್ಲೂ ರೂಟ್‌ನಲ್ಲಿ ಒಂದೊಂದು ರೀಡ್‌ಮಿ ಫೈಲ್. ಹಾಗೇ ಸೇರಿಸಿದರೆ ಡಿಕ್ಕಿ ಗ್ಯಾರಂಟಿ. ಇತಿಹಾಸವನ್ನೇ ತಿದ್ದಿ ಬರೆಯುವ ಗಿಟ್ ಫಿಲ್ಟರ್-ರೆಪೊ ಟೂಲ್ ಬಳಸಿ, ಒಂದೊಂದರ ಇಡೀ ಇತಿಹಾಸವನ್ನೂ ಅದರದ್ದೇ ಸಬ್‌ಡೈರೆಕ್ಟರಿಯೊಳಗೆ ಸರಿಸಿದೆ. ಇದರಿಂದ ಕಮಿಟ್ ಹ್ಯಾಶ್‌ಗಳೆಲ್ಲ (ಪ್ರತಿ ಕಮಿಟ್‌ಗೆ ಗಿಟ್ ಕೊಡುವ ಗುರುತು) ಬದಲಾಗುತ್ತವೆ, ಹಾಗಾಗಿ ಇದು ಸೇರಿಸುವ ಮುಂಚೆಯೇ ಮುಗಿಯಬೇಕು. ಆಮೇಲೆ ಮರ್ಜ್. ಸಂಬಂಧವಿಲ್ಲದ ಇತಿಹಾಸಗಳನ್ನು ಗಿಟ್ 2.9ರಿಂದ ತಾನಾಗಿ ಸೇರಿಸಲ್ಲ, ಅಲೋ-ಅನ್‌ರಿಲೇಟೆಡ್-ಹಿಸ್ಟರೀಸ್ ಅನ್ನೋ ಆಯ್ಕೆಯನ್ನು ನಾವೇ ಕೊಡಬೇಕು.

ಕೊನೆಗೆ ಮೂರೂ ಮೂಲಗಳ ಫೈಲ್‌ಗಳನ್ನು ಹೊಸದರ ಜೊತೆ ಡಿಫ್ ಮಾಡಿ ವ್ಯತ್ಯಾಸ ನೋಡಿದೆ. ಒಂದು ಲಾಗ್ ಫೋಲ್ಡರ್ ಕಾಣೆ! ಖಾಲಿ ಫೋಲ್ಡರನ್ನು ಎಸ್‌ವಿಎನ್ ಇಟ್ಟುಕೊಳ್ಳುತ್ತದೆ, ಗಿಟ್ ಇಟ್ಟುಕೊಳ್ಳಲ್ಲ. ಒಳಗೊಂದು ಖಾಲಿ ಫೈಲ್ ಹಾಕಿದೆ.

ಹಳೆಯ ಸರ್ವರ್‌ಗಳನ್ನು ಅಳಿಸಲಿಲ್ಲ, ಓದೋಕೆ ಮಾತ್ರ ಬರುವಂತೆ ಮಾಡಿ ಇಟ್ಟೆವು. ಕೆಲವು ದಿನಗಳ ನಂತರ ಸಹೋದ್ಯೋಗಿಯೊಬ್ಬರು ಹಳೆಯ ಟಿಕೆಟ್‌ನಲ್ಲಿದ್ದ ರಿವಿಷನ್ ನಂಬರನ್ನು ಗಿಟ್ ಲಾಗ್‌ನಲ್ಲಿ ಹುಡುಕಿದರು. ಕಮಿಟ್ ಅಲ್ಲೇ ಸಿಕ್ಕಿತು.