ಮುದಿ ಎತ್ತಿಗೆ ಲಾಳ: ಹಳೆಯ ರ‍್ಯಾಕ್ ಸರ್ವರ್‌ನ ಫರ್ಮ್‌ವೇರ್ ಬದಲಿಸಿದ ನನ್ನ ಅನುಭವ

ಹಳೆಯ ಸರ್ವರ್‌ಗೆ ಹೊಸ ಫರ್ಮ್‌ವೇರ್ (ಯಂತ್ರದ ಚಿಪ್‌ಗಳಲ್ಲೇ ಕೂರುವ ಮೂಲ ತಂತ್ರಾಂಶ) ಹಾಕಲು ಹೊರಟಾಗ "ಮುದಿ ಎತ್ತಿಗೆ ಲಾಳ ಕಟ್ಟಿಸುತ್ತಿದ್ದೀರಿ" ಎಂದು ನಕ್ಕವರೇ ಈಗ ಯಾವುದನ್ನು ಮೊದಲು ಹಾಕಿದಿರಿ, ಯಾವುದನ್ನು ಆಮೇಲೆ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಸುಲಭ.

ಯಂತ್ರ 2012ರ ಕಾಲದ್ದು. 2ಯು ಎತ್ತರ, ಒಳಗೆ ಎರಡು ಇಂಟೆಲ್ ಝಿಯಾನ್ ಇ5-2670 ಪ್ರೊಸೆಸರ್. ಕೊಂಡ ದಿನದ ಬಯಾಸ್, ಅಂದರೆ ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರ್, ಅದರಲ್ಲಿ ಹಾಗೆಯೇ ಇತ್ತು. ನನ್ನ ಆಸೆ ದೊಡ್ಡದೇನಲ್ಲ: ಅದೇ ಸಾಕೆಟ್‌ಗೆ ಕೂರುವ ಇ5-2680 ವಿ2 ಜೋಡಿ ಹಾಕಬೇಕು. ಅದೂ 115 ವ್ಯಾಟ್‌ನದ್ದೇ, ಆದರೆ 8ರ ಬದಲು 10 ಕೋರ್. ವಿ2 ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಯಾಸ್‌ಗೆ ಅದರ ಗುರುತೇ ಇರುವುದಿಲ್ಲ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಹಾಗಾಗಿ ಮೊದಲು ಫರ್ಮ್‌ವೇರ್.

ಬೇಡವೆಂದವರಲ್ಲಿ ಇಬ್ಬರು ಇದೇ ಕೆಲಸದಲ್ಲಿ ಬೋರ್ಡ್ ಕಳೆದುಕೊಂಡಿದ್ದರು. ಕೆದಕಿ ಕೇಳಿದಾಗ ತಿಳಿಯಿತು, ಇಬ್ಬರೂ ಮೊದಲ ಆವೃತ್ತಿಯಿಂದ ನೇರವಾಗಿ ಕೊನೆಯ ಆವೃತ್ತಿಗೆ ಹಾರಿದ್ದರು. ಇಷ್ಟು ತಿಳಿದ ಮೇಲೂ ನಾನು ಬಿಎಂಸಿಯಲ್ಲಿ (ಸರ್ವರನ್ನು ದೂರದಿಂದ ನೋಡಿಕೊಳ್ಳಲು ಬೋರ್ಡ್ ಮೇಲೇ ಇರುವ ಪುಟ್ಟ ನಿಯಂತ್ರಕದಲ್ಲಿ) ಅದನ್ನೇ ಮಾಡಿದೆ! ಪುಣ್ಯಕ್ಕೆ ಅದು ಪರಿಶೀಲನೆಯಲ್ಲೇ ಫೈಲನ್ನು ತಿರಸ್ಕರಿಸಿತು. ಮಧ್ಯದ ಆವೃತ್ತಿಯೊಂದನ್ನು ಹುಡುಕಿ ತಂದು ಹಾಕಿದೆ. ಎಲ್ಲಿಂದ ತಂದೆ ಎಂದು ಕೇಳಬೇಡಿ, ಅದಕ್ಕೆ ಎರಡು ವಾರ ಅಲೆದಿದ್ದೇನೆ. ಹಾಕಿದ ಮೇಲೆ ಫ್ಯಾನ್‌ಗಳೆಲ್ಲ ಪೂರ್ತಿ ವೇಗಕ್ಕೆ ಏರಿದವು, ಬಿಎಂಸಿಯ ಪುಟ ಮಾಯವಾಯಿತು. ಸುಮಾರು 25 ನಿಮಿಷ ಆ ಅರಚಾಟ ಕೇಳುತ್ತಾ ಕುಳಿತು, ತಾಳ್ಮೆ ಕೆಟ್ಟು ಎರಡೂ ಪವರ್ ಕೇಬಲ್‌ಗಳನ್ನು ಕಿತ್ತೆ. ಮತ್ತೆ ಸಿಕ್ಕಿಸಿದಾಗ ಬಿಎಂಸಿ ಸುಮ್ಮನೆ ಎದ್ದು ಬಂತು. ಮೊದಲ ಬೂಟ್ ತಡವಾಗುತ್ತದೆ, ವಿದ್ಯುತ್ ತೆಗೆಯಬೇಡಿ ಎಂದು ಬಿಡುಗಡೆ ಟಿಪ್ಪಣಿಯ ಕೊನೆಯಲ್ಲಿ ಬರೆದಿತ್ತು. ಅದನ್ನು ಓದಿದ್ದು ಮಾರನೆಯ ದಿನ.

ಬಿಎಂಸಿ ಬಂತು, ಆದರೆ ಸರ್ವರ್ ಬೂಟ್ ಆಗಲಿಲ್ಲ. ಬೋರ್ಡ್ ಸತ್ತಿತೆಂದೇ ಅರ್ಧ ರಾತ್ರಿ ಕೊರಗಿದೆ. ನಿಜವಾಗಿ ಸತ್ತಿದ್ದದ್ದು ಸಿಆರ್2032 ಬಟನ್ ಸೆಲ್. ಮೂರು ವೋಲ್ಟ್ ಇರಬೇಕಾದದ್ದು ಎರಡೂವರೆಯನ್ನೂ ಮುಟ್ಟುತ್ತಿರಲಿಲ್ಲ. ಕೇಬಲ್ ಕಿತ್ತಾಗ ಗಡಿಯಾರವೂ ಸೆಟ್ಟಿಂಗ್‌ಗಳೂ ಅಳಿಸಿಹೋಗಿ, ಬೂಟ್ ಆಗುವ ವಿಧಾನ ಹೊಸ ಯುಇಎಫ್‌ಐನಿಂದ ಹಳೆಯ ಲೆಗಸಿಗೆ ಮರಳಿತ್ತು. ಈಗ ಯಾವ ಹಳೆಯ ಯಂತ್ರ ಮುಟ್ಟಿದರೂ ಮೊದಲು ಬ್ಯಾಟರಿ ಬದಲಿಸುತ್ತೇನೆ, ಸೆಟ್ಟಿಂಗ್ ಪುಟಗಳ ಫೋಟೋ ತೆಗೆದಿಡುತ್ತೇನೆ.

ಬಿಎಂಸಿಯ ಪುಟ ತೆರೆಯಲು ಬ್ರೌಸರ್ ಬೇಕು, ಅದೂ ಒಂದು ತೊಡಕು. ಹಳೆಯ ಬಿಎಂಸಿಗೆ ಟಿಎಲ್‌ಎಸ್ 1.0 ಎಂಬ ಹಳೆಯ ಸುರಕ್ಷಿತ ಸಂಪರ್ಕದ ವಿಧಾನ ಬಿಟ್ಟು ಬೇರೆ ಬಾರದು, ಬ್ರೌಸರ್‌ಗಳು 2020ರ ಹೊತ್ತಿಗೆ ಅದನ್ನು ಕೈಬಿಟ್ಟವು. ಹಳೆಯ ಬ್ರೌಸರ್, ಜಾವಾ 8 ಇರುವ ಒಂದು ವರ್ಚುವಲ್ ಯಂತ್ರವನ್ನು ಇಂಟರ್ನೆಟ್ ಇಲ್ಲದೆ ಇಟ್ಟುಕೊಂಡೆ. ಅಷ್ಟು ಸಾಕಾಯಿತು.

ಬಯಾಸ್‌ಗೆ ಕೈ ಹಾಕುವ ಮೊದಲು ಚಿಪ್‌ನ ನಕಲು ತೆಗೆಯಲೇಬೇಕೆಂದು ಹಠ ಹಿಡಿದೆ. ಹಣ ಹೋದದ್ದು ಇಲ್ಲಿ. ಚಿಪ್ ಓದಿ ಬರೆಯುವ ಸಾಧನವಾದ ಸಿಎಚ್341ಎ ಪ್ರೋಗ್ರಾಮರ್ ಅಗ್ಗವೇ. ಎಂಟು ಕಾಲಿನ ಚಿಪ್ ಹಿಡಿಯುವ ಕ್ಲಿಪ್ ಮಾತ್ರ ಮೂರು ಕೊಳ್ಳಬೇಕಾಯಿತು. ಅಗ್ಗದ ಎರಡರ ಹಲ್ಲುಗಳು ಬಾಗಿದವು, ಮೂರನೆಯದಕ್ಕೆ ಆ ಎರಡಕ್ಕೂ ಪ್ರೋಗ್ರಾಮರ್‌ಗೂ ಸೇರಿ ಕೊಟ್ಟದ್ದಕ್ಕಿಂತ ಹೆಚ್ಚು ತೆತ್ತೆ. ಆ ಕಪ್ಪು ಪ್ರೋಗ್ರಾಮರ್‌ನ ಡೇಟಾ ಕಾಲುಗಳಲ್ಲಿ 5 ವೋಲ್ಟ್ ಬರುತ್ತದೆ, ಚಿಪ್ 3.3 ವೋಲ್ಟ್‌ನದ್ದು. ತಿದ್ದದೆ ಹಾಕಬೇಡಿ. 16 ಎಂಬಿಯ ಚಿಪ್ಪನ್ನು ಮೂರು ಸಲ ಓದಿದೆ, ಮೂರು ಸಲವೂ ಬೇರೆ ಹ್ಯಾಶ್ (ಓದಿದ್ದರ ಗುರುತು ಸಂಖ್ಯೆ) ಬಂತು. ಪವರ್ ಕೇಬಲ್, ಬಟನ್ ಸೆಲ್ ಎಲ್ಲ ತೆಗೆದು, ತಂತಿಯನ್ನು ಗೇಣುದ್ದಕ್ಕಿಂತ ಚಿಕ್ಕದು ಮಾಡಿದ ಮೇಲೆ ಎರಡು ಓದು ಹೊಂದಿದವು. ಅದರ ಜೊತೆ ಇನ್ನೊಂದು ಸಣ್ಣ ಉಪಾಯವೂ ಇದೆ, ಅದು ನನ್ನಲ್ಲೇ ಇರಲಿ. ನಕಲು ನಿಮ್ಮ ಬೋರ್ಡ್‌ನದ್ದೇ ಆಗಿರಬೇಕು. ಸರಣಿ ಸಂಖ್ಯೆಯಂಥ ನಿಮ್ಮ ಯಂತ್ರದ ಗುರುತುಗಳು ಅದರೊಳಗೆ ಇರುತ್ತವೆ, ಇನ್ನೊಬ್ಬರ ನಕಲಿನಲ್ಲಿ ಅವರವು.

ಬಯಾಸ್‌ಗೆ ಮೂರು ಮೆಟ್ಟಿಲು, ಅಂದರೆ ಒಂದಾದ ಮೇಲೊಂದು ಮೂರು ಆವೃತ್ತಿ. ಮೊದಲನೆಯದು ಸಲೀಸಾಗಿ ಏರಿತು. ಎರಡನೆಯದರಲ್ಲಿ ಶೇಕಡಾ 60ರ ಆಸುಪಾಸಿನಲ್ಲಿ ಯಂತ್ರ ತಾನಾಗಿಯೇ ರೀಬೂಟ್ ಆಯಿತು. ಆಮೇಲೆ ಪರದೆ ಇಲ್ಲ, ಬೀಪ್ ಇಲ್ಲ, ಫ್ಯಾನ್ ಮಾತ್ರ. ವಿದ್ಯುತ್ ಹೋಗಿರಲಿಲ್ಲ, ಯುಪಿಎಸ್ ಇತ್ತು. ಕಾರಣ ಹೊಳೆಯಲು ಒಂದಿಡೀ ದಿನ ಬೇಕಾಯಿತು: ವಾಚ್‌ಡಾಗ್! ಗಡುವಿನೊಳಗೆ ಯಂತ್ರದಿಂದ ಸುಳಿವು ಬಾರದಿದ್ದರೆ ಅದನ್ನು ರೀಬೂಟ್ ಮಾಡುವ ಕಾವಲು ಟೈಮರ್ ಅದು. ಲಿನಕ್ಸ್‌ನೊಳಗಿಂದ ಬರೆಯುತ್ತಿದ್ದೆ. ವಾಚ್‌ಡಾಗ್ ಸೇವೆಯನ್ನು ಮೊದಲೇ ಕೊಂದಿದ್ದೆನಾದರೂ ಬಿಎಂಸಿಯೊಳಗಿನ ಟೈಮರ್ ಎಣಿಸುತ್ತಲೇ ಇತ್ತು. ಗಡುವು ಮುಗಿದಾಗ ಅದು ತನ್ನ ಕರ್ತವ್ಯ ಮಾಡಿತು, ಅಷ್ಟೇ. 'ಐಪಿಎಂಐಟೂಲ್ ಎಂಸಿ ವಾಚ್‌ಡಾಗ್ ಆಫ್' ಎಂದು ಬಿಎಂಸಿಗೆ ಒಂದು ಸಾಲಿನ ಆದೇಶ ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಬೋರ್ಡ್ ಕಳೆದುಕೊಂಡ ಆ ಇಬ್ಬರಲ್ಲಿ ಒಬ್ಬರದೂ ಹೀಗೇ ಆಗಿತ್ತೇನೋ ಎಂಬ ಗುಮಾನಿ ನನಗಿದೆ. ಅವರು ಒಪ್ಪುವುದಿಲ್ಲ.

ಚಿಪ್‌ಗೆ ಕ್ಲಿಪ್ ಕಚ್ಚಿಸಿ ನಕಲನ್ನು ಮರಳಿ ಬರೆದೆ. ಬರೆದು ಪರೀಕ್ಷಿಸಲು ಹತ್ತು ಹನ್ನೆರಡು ನಿಮಿಷ ಹಿಡಿದಿರಬಹುದು. ಯಂತ್ರ ಬದುಕಿತು. ಮೂರು ಕ್ಲಿಪ್‌ಗಳ ದುಡ್ಡು ಅಲ್ಲಿಗೆ ತೀರಿತು. ನಗುತ್ತಿದ್ದವರಿಗೆ ಆ ರಾತ್ರಿಯೇ ಬೂಟ್ ಪರದೆಯ ಫೋಟೋ ಕಳಿಸಿದೆ, ಸುಳ್ಳೇಕೆ ಹೇಳಲಿ.

ಈ ನಡುವೆ ಅಡ್ಡದಾರಿ ಹಿಡಿದದ್ದೂ ಉಂಟು. ಸರ್ವರ್ ಹೇಗೂ ತೆರೆದಿದೆಯಲ್ಲ ಎಂದು ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ರೇಡ್ ಕಾರ್ಡನ್ನು (ಎಸ್‌ಎಎಸ್2008 ಚಿಪ್‌ನದ್ದು), ಡಿಸ್ಕ್‌ಗಳನ್ನು ಬಿಡಿಬಿಡಿಯಾಗಿಯೇ ತೋರಿಸುವ ಐಟಿ ಮೋಡ್‌ಗೆ ತಿರುಗಿಸಲು ಹೋದೆ. ಅದಕ್ಕೆ ಬಳಸುವ ಸ್ಯಾಸ್2ಫ್ಲ್ಯಾಶ್ ಎಂಬ ತಂತ್ರಾಂಶ ಡಾಸ್‌ನಲ್ಲಿ 'ಪಿಎಎಲ್' ದೋಷ ತೋರಿಸಿ ನಿಂತಿತು. ಯುಇಎಫ್‌ಐನದೇ ಆದೇಶ ಪರದೆಯಾದ ಶೆಲ್‌ನ 2ನೇ ಆವೃತ್ತಿಯಲ್ಲಿ 'ಶೆಲ್‌ನಿಂದ ಶುರುವಾಗಿಲ್ಲ' ಎಂದು ತಕರಾರು. ಶೆಲ್ 1ರಲ್ಲಿ ಮಾತ್ರ ಓಡಿತು. ಹಳೆಯದನ್ನು ಅಳಿಸಿದ ಮೇಲೆ ಹೊಸದು ಕೂರುವವರೆಗೆ ರೀಬೂಟ್ ಮಾಡಬಾರದು, ಕಾರ್ಡ್‌ನ ಚೀಟಿಯಲ್ಲಿರುವ ಎಸ್‌ಎಎಸ್ ವಿಳಾಸ ಮೊದಲೇ ಬರೆದಿಟ್ಟುಕೊಳ್ಳಬೇಕು. ಕಾರ್ಡ್‌ನ ಫರ್ಮ್‌ವೇರ್‌ನಲ್ಲಿ ಪಿ20 ಸರಣಿಯ ಆರಂಭದ ಬಿಡುಗಡೆಗಳು ಬೇಡ, 20.00.07 ಚೆನ್ನಾಗಿದೆ. ಇದು ಈ ಸರ್ವರ್‌ಗೆ ಅಗತ್ಯವೇ ಇರಲಿಲ್ಲ, ಕೈ ಸುಮ್ಮನಿರಲಿಲ್ಲ.

ನಕಲು ಬರೆದ ಮೇಲೆ ಬಯಾಸ್ ಮತ್ತೆ ಮೊದಲಿನದೇ, ಆದರೂ ವಾಚ್‌ಡಾಗ್ ನಿಲ್ಲಿಸಿ ಮೂರೂ ಮೆಟ್ಟಿಲು ಏರಲು ಒಂದು ಗಂಟೆಯೂ ಹಿಡಿಯಲಿಲ್ಲ. ಕೊನೆಯ ಬಯಾಸ್‌ನಲ್ಲಿ 2018ರಲ್ಲಿ ಬಯಲಾದ ಸ್ಪೆಕ್ಟರ್ ಎಂಬ ಪ್ರೊಸೆಸರ್ ಭದ್ರತಾ ದೋಷಕ್ಕೆ ತಿದ್ದುಪಡಿಯ ಮೈಕ್ರೋಕೋಡ್ (ಪ್ರೊಸೆಸರ್‌ನೊಳಗಿನ ಸೂಚನೆಗಳು) ಕೂಡ ಬಂತು. ಪ್ರೊಸೆಸರ್ ಬದಲಿಸಿ ಪವರ್ ಒತ್ತಿದೆ. ಎರಡು ಮೂರು ನಿಮಿಷ ಏನೂ ಇಲ್ಲ, ಆಮೇಲೆ ಪರದೆಯಲ್ಲಿ 20 ಕೋರ್, 40 ಥ್ರೆಡ್. ಮೆಮೊರಿ ಹಳೆಯದೇ ಆದ್ದರಿಂದ ಹೊಸ ಪ್ರೊಸೆಸರ್‌ಗೆ ಸಾಧ್ಯವಿದ್ದ 1866ರ ಮೆಮೊರಿ ವೇಗ ಸಿಗಲಿಲ್ಲ, 1333ರಲ್ಲೇ ನಿಂತಿದೆ. ಖರ್ಚೆಲ್ಲ ಸೇರಿಸಿದರೂ ಹೊಸ ಯಂತ್ರದ ಹತ್ತರಲ್ಲಿ ಒಂದು ಪಾಲು ಆಗಿರಲಿಕ್ಕಿಲ್ಲ. ನನ್ನ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ನೆಟ್‌ವರ್ಕ್ ಕಾರ್ಡ್‌ನ ಫರ್ಮ್‌ವೇರ್ ಮಾತ್ರ ಇನ್ನೂ ಹಳೆಯದೇ. ಅದೂ ಹಾಕಿಬಿಡಿ ಎಂದು ಈಗ ಒತ್ತಾಯಿಸುತ್ತಿರುವವರು, ಬೇಡ ಎನ್ನುತ್ತಿದ್ದ ಅದೇ ಜನ. ಕಾರ್ಡ್ ಕೆಲಸ ಮಾಡುತ್ತಿದೆ, ನಾನು ಮುಟ್ಟುವುದಿಲ್ಲ.